ಮದ್ದು ತೂಗುತ್ತಿದ್ದ ಮೇಡಂ

ಮೇಡಂ ತೀರಿಕೊಂಡರು ಅಂತ ಫೋನು ಬಂದಾಗ ನಾನು ಮಾಲೂರಿನ ನನ್ನ ಇಟ್ಟಿಗೆ ಗೂಡಿನ ಮುಂದೆ ನಿಂತು ಲಾರಿಯವನ ಜೊತೆ ಜಗಳವಾಡುತ್ತಿದ್ದೆ. ಲೋಡು ಕಡಿಮೆ ಇದೆ ಅಂತ ಅವನು, ಸರಿಯಾಗಿದೆ ಅಂತ ನಾನು. ಫೋನು ಜೇಬಿಗೆ ಹಾಕಿಕೊಂಡು, "ಹೋಗ್ಲಿ ಬಿಡಪ್ಪಾ, ಇನ್ನೊಂದಷ್ಟು ಹಾಕ್ಕೊಂಡು ಹೋಗು" ಅಂದೆ. ಅವನು ಬೆಪ್ಪಾಗಿ ನನ್ನ ಮುಖ ನೋಡಿದ. ನನ್ನ ಬಾಯಿಂದ ಅಂಥ ಮಾತು ಬಂದದ್ದು ಅವನು ಕೇಳಿರಲಿಲ್ಲ. ಜ್ವರ ಗಿರ ಬಂದಿದೆಯೇನೋ ಅಂದುಕೊಂಡಿರಬೇಕು.

ಅವರ ಹೆಸರು ಇಲ್ಲಿ ಬರೆಯುವುದಿಲ್ಲ. ಬರೆದರೆ ಎಲ್ಲಿದ್ದರೂ ಎದ್ದು ಬಂದು ಬೈಯುವ ಪೈಕಿ ಅವರು. ನಮ್ಮ ರೈಫಲ್ ಕ್ಲಬ್ಬಿನಲ್ಲಿ ಎಲ್ಲರಿಗೂ ಅವರು ಬರೀ ಮೇಡಂ. ಕೋಲಾರದ ಕಾಲೇಜೊಂದರಲ್ಲಿ ಕೆಮಿಸ್ಟ್ರಿ ಹೇಳಿ ನಿವೃತ್ತರಾದವರು, ಮುಳಬಾಗಿಲಿನಲ್ಲಿ ತಂಗಿಯ ಜೊತೆ ಇದ್ದರು. ಭಾನುವಾರ ಬೆಳಿಗ್ಗೆ ಬಸ್ಸಿಳಿದು, ಕೊಡೆಯನ್ನು ಕೋಲಿನ ಹಾಗೆ ಊರಿಕೊಂಡು, ವಕ್ಕಲೇರಿ ಕಡೆಯ ಬಂಡೆಗುಡ್ಡದ ಹತ್ತಿರದ ನಮ್ಮ ಕ್ಲಬ್ಬಿಗೆ ನಡೆದು ಬರುತ್ತಿದ್ದರು. ಹತ್ತಿ ಸೀರೆ, ಕಾಲಿಗೆ ಕ್ಯಾನ್ವಾಸ್ ಶೂ. ಹಾಗೇ ಬಂದು, ಸೆರಗು ಬಿಗಿದು ಚಾಪೆಯ ಮೇಲೆ ಮಲಗಿ ರೈಫಲ್ ಹಿಡಿದರೆ ಎದುರಿನ ಹಾಳೆಯ ನಡುವೆ ತೂತು ಬಿತ್ತು ಅಂತಲೇ ಲೆಕ್ಕ.

ಆದರೆ ಮೇಡಂ ಅಂದರೆ ನಮಗೆ ಗುರಿ ಅಲ್ಲ, ಮೇಜು. ತಗಡಿನ ಶೆಡ್ಡಿನ ಮೂಲೆಯಲ್ಲೊಂದು ಭಾರದ ಮರದ ಮೇಜು. ಹಾರಿಸಿದ ಕಾಡತೂಸುಗಳ ಹಿತ್ತಾಳೆ ಕೊಳವೆಗಳನ್ನು ತೊಳೆದು, ಒರೆಸಿ, ಮತ್ತೆ ಮದ್ದು ತುಂಬಿ, ಮೇಲೆ ಹೊಸ ಗುಂಡು ಕೂರಿಸುವ ಜಾಗ ಅದು. ಅದಕ್ಕೆ ಕ್ಲಬ್ಬಿಗೆ ಪರವಾನಗಿ ಇತ್ತು. ಪರವಾನಗಿ ಕೊಟ್ಟಿದ್ದು ಸರ್ಕಾರ, ಅಪ್ಪಣೆ ಕೊಡುತ್ತಿದ್ದವರು ಮೇಡಂ. ಮದ್ದು ತೂಗುವುದು ಅವರೊಬ್ಬರೇ.

ನಾನು ಕ್ಲಬ್ಬಿಗೆ ಸೇರಿದ ಹೊಸತು. ಬಾಯಿ ತುಂಬಾ ಎಲೆ ಅಡಿಕೆ ಹಾಕಿಕೊಂಡು, ಪರಿಚಯ ಮಾಡಿಕೊಳ್ಳೋಣ ಅಂತ ಮೇಜಿನ ಹತ್ತಿರ ಹೋಗಿ ಬಗ್ಗಿದೆ. ಅವರು ತಲೆ ಎತ್ತಲೇ ಇಲ್ಲ.

"ಯಾರು ಅದು? ಉಸಿರು ಆ ಕಡೆ ಬಿಡಿ."

"ನಾನು ಮೇಡಂ, ಮಾಲೂರು, ಇಟ್ಟಿಗೆ ಫ್ಯಾಕ್ಟರಿ..."

"ಇಟ್ಟಿಗೆಯೋರೇ, ಇದು ಮದ್ದು. ನೀವು ಉಸಿರಾಡಿದ್ರೆ ತಕ್ಕಡಿ ಮುಳ್ಳು ಅಲ್ಲಾಡತ್ತೆ. ಮುಳ್ಳು ಅಲ್ಲಾಡಿದ್ರೆ ನಿಮ್ಮ ಮೂತಿ ಹೋಗತ್ತೆ. ಯಾವುದು ಬೇಕು ಹೇಳಿ."

ನಾನು ತೆಪ್ಪಗೆ ಹೊರಗೆ ಬಂದೆ. ಅವತ್ತಿನಿಂದ ಕೊನೆಯವರೆಗೂ ನಾನು ಅವರಿಗೆ "ಇಟ್ಟಿಗೆಯೋರು". ಒಂದು ಹಿಡಿ ಮಣ್ಣು ಹೆಚ್ಚೋ ಕಡಿಮೆಯೋ, ಇಟ್ಟಿಗೆ ಇಟ್ಟಿಗೆಯೇ ಅನ್ನುವುದು ನನ್ನ ಬುದ್ಧಿ. ಒಂದು ಕಾಳು ಹೆಚ್ಚಾದರೆ ಅದು ಬೇರೆಯೇ ವಸ್ತು ಅನ್ನುವುದು ಅವರ ಬುದ್ಧಿ. ನಾವಿಬ್ಬರೂ ಅಷ್ಟು ವರ್ಷ ಹೇಗೆ ಸ್ನೇಹದಲ್ಲಿದ್ದೆವು ಅಂತ ನನಗೇ ಆಶ್ಚರ್ಯ.

ಇಂಥ ಮೇಡಂ ಅಡುಗೆಗೆ ಮಾತ್ರ ಯಾವುದನ್ನೂ ಅಳೆಯುತ್ತಿರಲಿಲ್ಲ. ಮುಳಬಾಗಿಲಿನಿಂದ ಡಬ್ಬಿಯಲ್ಲಿ ಹುಳಿಯನ್ನ ತರುತ್ತಿದ್ದರು. ಒಂದು ಭಾನುವಾರ ಉಪ್ಪು ಸುರಿದಂತೆ ಇರುತ್ತಿತ್ತು, ಇನ್ನೊಂದು ಭಾನುವಾರ ಉಪ್ಪೇ ಇಲ್ಲ. "ಏನು ಮೇಡಂ, ಇದನ್ನೂ ಒಂಚೂರು ತೂಗಬಾರದಾ?" ಅಂತ ನಾನು ಕೆಣಕಿದರೆ, "ಅಡುಗೆಗೆ ಕೈ ಅಳತೆ ಸಾಕು ಕಣ್ರೀ, ತಿಂದು ಯಾರೂ ಕಣ್ಣು ಕಳ್ಕೊಂಡಿಲ್ಲ" ಅನ್ನುತ್ತಿದ್ದರು. ಆ ಮಾತು ಬರೀ ಬಾಯಿಚಪಲ ಅಂದುಕೊಂಡಿದ್ದೆ.

ಅಲ್ಲ ಅಂತ ಗೊತ್ತಾದದ್ದು ಆವನಿ ಕಡೆಯ ಒಬ್ಬ ರೈತ ಬಂದ ದಿನ. ಬೆಳೆ ಕಾಯುವ ನಾಡಬಂದೂಕು ಅವನದು. ಹಂದಿ ಕಾಟ, ಮದ್ದು ಸ್ವಲ್ಪ ಜೋರಾಗಿ ಹಾಕಿಕೊಡಿ ಮೇಡಂ ಅಂತ ಕೇಳಿದ. ಕ್ಲಬ್ಬು ಹೊರಗಿನವರಿಗೆ ತುಂಬಿಕೊಡುವ ಹಾಗಿಲ್ಲ. ಅಷ್ಟು ಹೇಳಿ ಕಳಿಸಬಹುದಿತ್ತು. ಮೇಡಂ ಎದ್ದು ನಿಂತರು.

"ಹಂದಿಗೆ ಜೋರಾದ್ರೆ ನಿಂಗೂ ಜೋರೇ. ಅದು ಮುಂದಕ್ಕೂ ಹೋಗತ್ತೆ, ಹಿಂದಕ್ಕೂ ಬರತ್ತೆ. ಮನೇಲಿ ಎಷ್ಟು ಹಾಕ್ತೀಯ?"

ಅವನು ಅಂಗೈ ಕುಳಿ ಮಾಡಿ ತೋರಿಸಿದ. ಮೇಡಂ ಮೇಜು ದಾಟಿ ಬಂದರು. ಅವನ ಕೈಯನ್ನು ಹಿಡಿದು ಬೆರಳುಗಳನ್ನು ಬಿಡಿಸಿ, "ಚಾಲು, ಚಾಲು" ಅಂದರು. ಸಾಕು ಸಾಕು ಅಂತ. ಸಿಟ್ಟೋ ಸಂಕಟವೋ ಬಂದರೆ ಅವರ ಬಾಯಲ್ಲಿ ತೆಲುಗು ಬರುತ್ತಿತ್ತು.

ಅವನು ಹೋದ ಮೇಲೆ ಹೇಳಿದರು. ಅವರದು ಶ್ರೀನಿವಾಸಪುರದ ಕಡೆ ಮಾವಿನ ತೋಪಿನ ಮನೆ. ಅಪ್ಪ ಕೋತಿ ಹೆದರಿಸಲು ಬಂದೂಕಿಗೆ ಅಂಗೈ ಅಳತೆಯಲ್ಲೇ ಮದ್ದು ಹಾಕುತ್ತಿದ್ದರಂತೆ. ಒಂದು ಬೇಸಿಗೆ ನಳಿಗೆ ಒಡೆಯಿತು. ಬಲಗಣ್ಣು ಹೋಯಿತು. "ಕೊನೇವರೆಗೂ ನಮ್ಮ ನಾಯನ ಬಲಗಡೆ ನಿಂತು ನಾವು ಕೂಗಿ ಮಾತಾಡ್ಬೇಕಿತ್ತು. ನಾವಿರೋದು ಅವರಿಗೆ ಗೊತ್ತಾಗ್ತಿರ್ಲಿಲ್ಲ" ಅಂದರು. ಮತ್ತೆ ಯಾವತ್ತೂ ಆ ವಿಷಯ ಎತ್ತಲಿಲ್ಲ. ನಾನೂ ಹುಳಿಯನ್ನದ ಬಗ್ಗೆ ಕೆಣಕುವುದನ್ನು ಬಿಟ್ಟೆ.

ಅಂಥವರ ಕಣ್ಣಿಗೇ ಮಂಜು ಬರಬೇಕೇ? ಪೊರೆಯಾಗಿದ್ದರೆ ಆಪರೇಷನ್ ಮಾಡಿಸಿ ಮುಗಿಸಬಹುದಿತ್ತು. ಇದು ನರದ್ದು, ಇದ್ದಷ್ಟು ಉಳಿಸಿಕೊಳ್ಳಬಹುದು, ಹೋದದ್ದು ಬರುವುದಿಲ್ಲ ಅಂದರಂತೆ ಡಾಕ್ಟರು. ಮೇಡಂ ಅದನ್ನು ನಮಗೆ ಹೇಳಿದ್ದು ಬಸ್ಸು ಲೇಟಾಯಿತು ಅಂತ ಹೇಳುವ ದನಿಯಲ್ಲಿ. ಅವರ ಚಿಂತೆ ಕಣ್ಣಿನದ್ದಲ್ಲ, ಮೇಜಿನದ್ದು.

"ನಾನು ಎದ್ದ ಮೇಲೆ ಈ ಕುರ್ಚೀಲಿ ಯಾರೋ ಒಬ್ಬ ಕೂತ್ಕೋತಾನೆ. ಅಂದಾಜಲ್ಲಿ ಸುರೀತಾನೆ. ಯಾವನದ್ದೋ ಮುಖ ಹೋಗತ್ತೆ. ಅದು ನಾನು ಇರೋದ್ರೊಳಗೆ ಇತ್ಯರ್ಥ ಆಗ್ಬೇಕು ಕಣ್ರೀ."

ಹಳೆಯ ತಕ್ಕಡಿಯ ಸಣ್ಣ ಮುಳ್ಳು ಅವರಿಗೆ ಕಾಣುತ್ತಿರಲಿಲ್ಲ. ದೊಡ್ಡ ಅಂಕಿ ತೋರಿಸುವ ಡಿಜಿಟಲ್ ತಕ್ಕಡಿ ತರಬೇಕು ಅಂತಾಯಿತು. ಅಯ್ಯೋ, ಆ ತಕ್ಕಡಿ ಆರಿಸಿದ ಕಥೆ! ಹೆಣ್ಣು ನೋಡುವುದಕ್ಕೂ ನಮ್ಮ ಕಡೆ ಅಷ್ಟು ಓಡಾಟ ಇಲ್ಲ.

ಮೊದಲು ತಂದವನು ನಾನೇ. ಅಂಗೈಯಗಲದ್ದು, ನೀಲಿ ದೀಪ, ನೋಡಲು ಬಲು ಚೆಂದ. ಮೇಡಂ ಅದರ ಮೇಲೊಂದು ಪುಟ್ಟ ಬಟ್ಟಲಿಟ್ಟು, ಚಿಮಟದಲ್ಲಿ ಒಂದೊಂದೇ ಸಾಸಿವೆ ಕಾಳು ಹಾಕುತ್ತಾ ಹೋದರು. ಹಾಕಿದರು, ಹಾಕಿದರು, ಅಂಕಿ ಕದಲಲೇ ಇಲ್ಲ.

"ನೋಡಿ ಇಟ್ಟಿಗೆಯೋರೇ, ನಿಮ್ಮ ಯಂತ್ರ ನಿದ್ದೆ ಮಾಡ್ತಿದೆ. ಒಟ್ಟಿಗೆ ಸುರಿದ್ರೆ ಎದ್ದೇಳತ್ತೆ, ಒಂದೊಂದೇ ಹಾಕಿದ್ರೆ ಗೊತ್ತೇ ಆಗಲ್ಲ. ನಾವು ಮದ್ದು ಹಾಕೋದೇ ಒಂದೊಂದು ಕಾಳು. ಚಿನ್ನದಂಗಡೀಲೂ ನಡಿಯಲ್ಲ ಇದು. ನಿಮ್ಮ ಮನೆಯೋರಿಗೆ ಕೊಡಿ, ಏಲಕ್ಕಿ ತೂಗ್ಲಿ."

ಎರಡನೆಯದನ್ನು ತಂದವರು ರಹಮತ್ ಭಾಯ್. ಕೋಲಾರದಲ್ಲಿ ಅವರದು ತಲೆಮಾರಿನ ಬಂದೂಕು ರಿಪೇರಿ ಅಂಗಡಿ, ಕ್ಲಬ್ಬಿನ ರೈಫಲ್‌ಗಳೆಲ್ಲ ಅವರ ಕೈಯಲ್ಲೇ. "ಏಕ್‌ದಂ ಪಕ್ಕಾ ಮೇಡಂ, ಮೂರು ಅಂಕಿ ತೋರಿಸ್ತದೆ" ಅಂತ ಹೆಮ್ಮೆಯಿಂದ ಇಟ್ಟರು. ಮೇಡಂ ತೂಕದ ಒಂದೇ ಕಲ್ಲನ್ನು ಇಟ್ಟರು, ತೆಗೆದರು, ಇಟ್ಟರು, ತೆಗೆದರು. ಪ್ರತಿ ಸಲ ಒಂದೊಂದು ಲೆಕ್ಕ. ತೆಗೆದ ಮೇಲೆ ಸೊನ್ನೆಗೂ ವಾಪಸ್ಸು ಬರುತ್ತಿರಲಿಲ್ಲ.

"ಭಾಯ್, ಎಷ್ಟು ಅಂಕಿ ತೋರಿಸತ್ತೆ ಅನ್ನೋದಲ್ಲ. ಹೇಳಿದ್ದನ್ನೇ ಮತ್ತೆ ಹೇಳತ್ತಾ ಅನ್ನೋದು. ಮಾತು ಜಾಸ್ತಿ ಆಡೋನು ನಿಜ ಹೇಳ್ತಾನೆ ಅಂತ ಏನಿಲ್ವಲ್ಲ?" ಅನ್ನುತ್ತಾ ನನ್ನ ಕಡೆ ನೋಡಿದರು. ನಾನೇನು ಮಾಡಿದ್ದೆ ಅಂತ ನನ್ನ ಕಡೆ ನೋಡಬೇಕಿತ್ತು!

ಹೀಗೇ ಬಂದವು, ಹೋದವು. ಒಂದು, ಪಕ್ಕದಲ್ಲಿ ಮೊಬೈಲು ಇಟ್ಟರೆ ಹುಚ್ಚೆದ್ದು ಕುಣಿಯುತ್ತಿತ್ತು. ಇನ್ನೊಂದು, ಬೆಳಿಗ್ಗೆ ಒಂದು ಹೇಳಿ, ತಗಡು ಕಾದ ಮಧ್ಯಾಹ್ನ ಇನ್ನೊಂದು ಹೇಳುತ್ತಿತ್ತು. ಮತ್ತೊಂದಕ್ಕೆ ಫ್ಯಾನು ಹಾಕಿದರೆ ಸಾಕು, ಅಂಕಿ ನಿಲ್ಲುತ್ತಿರಲಿಲ್ಲ. ಕೊನೆಗೆ ಬೆಂಗಳೂರಿನಲ್ಲಿ ಕಾಲೇಜು ಲ್ಯಾಬುಗಳಿಗೆ ಸಾಮಾನು ಕೊಡುವ ಕಡೆಯಿಂದ ಒಂದು ಬಂತು. ಬೂದು ಬಣ್ಣ, ಭಾರದ ತಳ, ಸುತ್ತ ಗಾಜಿನ ಗೂಡು, ಕಾಲಿಗೆ ಎತ್ತರ ತಗ್ಗು ಮಾಡುವ ತಿರುಪು. ನೋಡಿದರೆ ಪಿಂಚಣಿ ಆಫೀಸಿನ ಗುಮಾಸ್ತನ ಮುಖ. ಅದರ ಜೊತೆ ಪುಟ್ಟ ಡಬ್ಬಿಯಲ್ಲಿ ಪರೀಕ್ಷೆಯ ತೂಕದ ಕಲ್ಲು. ಕಲ್ಲು ಅಂತ ಹೆಸರಷ್ಟೆ, ಹೊಳೆಯುವ ಉಕ್ಕಿನದು. ಬೆಳಿಗ್ಗೆ ಕೆಲಸಕ್ಕೆ ಮುಂಚೆ ಅದನ್ನು ತಟ್ಟೆಯ ಮೇಲಿಟ್ಟು ಗುಂಡಿ ಒತ್ತಿದರೆ, ಇದು ಇಷ್ಟು ತೂಕ ಅಂತ ಯಂತ್ರಕ್ಕೆ ಪಾಠ ಹೇಳಿದ ಹಾಗೆ. ಆಮೇಲಿನದೆಲ್ಲವನ್ನೂ ಅದು ಆ ಪಾಠದ ಮೇಲೇ ಅಳೆಯುತ್ತದೆ.

ಮೇಡಂ ಅದನ್ನು ಹಲವು ಭಾನುವಾರ ಕಾಡಿದರು. ಸಾಸಿವೆ ಹಾಕಿದರು, ಫ್ಯಾನು ಹಾಕಿದರು, ಬಿಸಿಲು ಕಾಯಿಸಿದರು, ನನ್ನನ್ನು ಪಕ್ಕದಲ್ಲಿ ನಿಲ್ಲಿಸಿ ಮಾತಾಡಿಸಿದರು. ಅದು ಜಗ್ಗಲಿಲ್ಲ. ಒಂದು ದಿನ ಅದರ ನೆತ್ತಿ ತಟ್ಟಿ, "ಮಂಚಿವಾಡು" ಅಂದರು. ಒಳ್ಳೆಯವನು ಅಂತ. ನಮಗ್ಯಾರಿಗೂ ಆ ಬಿರುದು ಸಿಕ್ಕಿರಲಿಲ್ಲ.

ಇನ್ನು ಉಳಿದದ್ದು ಆ ಕುರ್ಚಿಯಲ್ಲಿ ಕೂರುವ ಮನುಷ್ಯ. ಅದಕ್ಕೂ ಮೇಡಂ ಒಳಗೊಳಗೇ ಒಬ್ಬರನ್ನು ಗುರುತು ಮಾಡಿದ್ದರು ಅಂತ ಈಗ ಅನಿಸುತ್ತದೆ. ರಹಮತ್ ಭಾಯ್ ಮಗಳು ನಾಜ್ನೀನ್. ಮುಳಬಾಗಿಲಿನಲ್ಲಿ ಸ್ವಂತ ಔಷಧಿ ಅಂಗಡಿ ನಡೆಸುವವಳು, ಎರಡು ಮಕ್ಕಳ ತಾಯಿ, ನಮ್ಮ ಕ್ಲಬ್ಬಿನಲ್ಲಿ ಎಲ್ಲರಿಗಿಂತ ಚೆನ್ನಾಗಿ ಗುರಿ ಹೊಡೆಯುವವಳು. ಆ ವರ್ಷ ದಸರಾ ಕಳೆದ ಮೇಲೆ ರಾಜ್ಯ ತಂಡದ ಆಯ್ಕೆಗೆ ಹೋಗುವವಳಿದ್ದಳು. ಮೇಡಂ ಅವಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಎಲ್ಲವನ್ನೂ ತೋರಿಸುತ್ತಿದ್ದರು. ಮದ್ದಿನ ಚಮಚ ಮಾತ್ರ ಅವಳ ಕೈಗೆ ಕೊಡುತ್ತಿರಲಿಲ್ಲ.

"ಮೇಡಂ, ಒಂದು ಸಲ ನಾನು ತೂಗ್ಲಾ?"

"ತೂಗ್ವೆಯಂತೆ ಇರೇ. ಏನವಸರ ನಿಂಗೆ?"

ಆಯುಧಪೂಜೆ ಬಂತು. ನಮ್ಮ ಕ್ಲಬ್ಬಿನಲ್ಲಿ ಅದೇ ದೊಡ್ಡ ಹಬ್ಬ. ರೈಫಲ್‌ಗಳನ್ನೆಲ್ಲ ಜಮಖಾನದ ಮೇಲೆ ಸಾಲಾಗಿ ಇಟ್ಟು, ಹೂವು ಮುಡಿಸಿ, ಬೂದುಗುಂಬಳ ಒಡೆದು, ಕಡಲೆಪುರಿ ಹಂಚುತ್ತೇವೆ. ರಹಮತ್ ಭಾಯ್ ಪ್ರತಿ ವರ್ಷ ಸೇವಂತಿಗೆ ಹಾರ ತರುತ್ತಿದ್ದರು. ಮೇಡಂ ಅಷ್ಟೇನೂ ದೇವರು ದಿಂಡರು ಅನ್ನುವವರಲ್ಲ, ಆದರೆ ಈ ಹಬ್ಬದ ದಿನ ಮಗುವಿನ ಹಾಗೆ. ಹಳೆ ತಕ್ಕಡಿಯ ಮರದ ಪೆಟ್ಟಿಗೆಗೆ ವರ್ಷವೂ ತಾವೇ ಗಂಧ ಕುಂಕುಮ ಹಚ್ಚುತ್ತಿದ್ದವರು, ಆ ಸಲ ಹೊಸ ತಕ್ಕಡಿಗೆ ಹಚ್ಚಿದರು. ಹಾಗೇ ಡಬ್ಬಿ ತೆರೆದು, "ನೀನೂ ದುಡಿಯೋನೇ ಅಲ್ವೇನಪ್ಪಾ" ಅಂತ ಆ ತೂಕದ ಕಲ್ಲಿಗೂ ಒಂದಿಷ್ಟು ಗಂಧ, ಮೇಲೆ ನಾಲ್ಕು ಅಕ್ಷತೆ. ನಾವೆಲ್ಲ ಕೈಮುಗಿದೆವು. ಪೂಜೆಯ ಹೊತ್ತಿನಲ್ಲಿ ಕೆಮಿಸ್ಟ್ರಿ ಯಾರಿಗೆ ನೆನಪಾಗುತ್ತದೆ?

ಮಾರನೆಯ ದಿನ ಮೇಡಂ ಒದ್ದೆ ಬಟ್ಟೆಯಲ್ಲಿ ಎಲ್ಲವನ್ನೂ ಒರೆಸಿದರು. ಕಣ್ಣಿಗೆ ಕಂಡಷ್ಟು ಒರೆಸಿದರು. ಆಮೇಲೆ ಎಂದಿನಂತೆ ಕಲ್ಲಿಟ್ಟು ಯಂತ್ರಕ್ಕೆ ಪಾಠ ಹೇಳಿ, ನಾಜ್ನೀನ್ ಆಯ್ಕೆಗೆ ಒಯ್ಯಬೇಕಾದ ಕಾಡತೂಸುಗಳನ್ನೆಲ್ಲ ತೂಗಿ ತುಂಬಿದರು.

ಹೊರಡುವ ಹಿಂದಿನ ದಿನ ಅವಳು ಅದರಲ್ಲಿ ಕೆಲವನ್ನು ಹಾರಿಸಿ ನೋಡುತ್ತಿದ್ದಳು. ಗುಂಡು ಎಂದಿಗಿಂತ ಮೇಲಕ್ಕೆ ಹೋಗುತ್ತಿತ್ತು. ಕಾಡತೂಸಿನ ಹಿಂದೆ ಅಗುಳಿಯಂತೆ ಕೂರುವ ಬೋಲ್ಟನ್ನು ಕಷ್ಟಪಟ್ಟು ಎತ್ತಿ, ರೈಫಲ್ ಇಳಿಸಿ ತಿರುಗಿದಳು.

"ಅಬ್ಬಾ, ಭುಜಕ್ಕೆ ಜೋರಾಗಿ ಬಡೀತಿದೆ. ಬೋಲ್ಟು ಎತ್ತೋದಕ್ಕೂ ಬಿಗಿ."

"ಟೆನ್ಷನ್ ಬೇಟಾ. ನಾಳೆದು ಯೋಚ್ನೆ ಮಾಡ್ತಿದ್ದೀಯಲ್ಲ, ಅದಕ್ಕೆ ಹಂಗೆ" ಅಂದರು ರಹಮತ್ ಭಾಯ್. ನಾನೂ ಹೌದು ಹೌದು ಅಂತ ತಲೆಯಾಡಿಸಿದೆ. ಮೇಡಂ ತೂಗಿದ್ದರಲ್ಲಿ ತಪ್ಪು ಹುಡುಕುವುದು ಅಂದರೆ ಸೂರ್ಯ ಯಾವ ಕಡೆ ಹುಟ್ಟುತ್ತಾನೆ ಅಂತ ಕೇಳಿದ ಹಾಗೆ ನಮಗೆ.

ಶೆಡ್ಡಿನೊಳಗಿಂದ ಕೂಗು ಬಂತು. "ನಿಲ್ಸು! ಇನ್ನೊಂದು ಹಾರಿಸ್ಬೇಡ!"

ನಾವು ಒಳಗೆ ಓಡಿದೆವು. ಮೇಡಂ ಡಬ್ಬಿಯಿಂದ ಆ ಕಲ್ಲನ್ನು ತೆಗೆದು ಹೆಬ್ಬೆರಳಿನಲ್ಲಿ ಸುತ್ತಲೂ ಸವರುತ್ತಿದ್ದರು. ಮೇಲುಗಡೆ ನುಣುಪಾಗಿತ್ತು. ತಿರುವಿ ಹಾಕಿದರು. ಅಡಿಯ ಕುಳಿಯಲ್ಲಿ ಗಂಧ ಒಣಗಿ ಗಟ್ಟಿಯಾಗಿತ್ತು, ಅದಕ್ಕೆ ಅಕ್ಷತೆ ಅಂಟಿಕೊಂಡಿತ್ತು. ನಮಗೆ ಕಂಡಿತು. ಅವರಿಗೆ ಕಾಣಲಿಲ್ಲ, ಬೆರಳಿಗೆ ಸಿಕ್ಕಿತು.

ಕಲ್ಲೇ ಭಾರವಾಗಿದ್ದರೆ ಯಂತ್ರ ಕಲಿತ ಪಾಠವೇ ತಪ್ಪು. ಅದು ಸರಿಯಾಗಿದೆ ಅಂತ ಹೇಳಿದಾಗಲೆಲ್ಲ ಬಟ್ಟಲಲ್ಲಿ ಮದ್ದು ಹೆಚ್ಚೇ ಬಿದ್ದಿತ್ತು. ಬಂದೂಕು ಒಡೆಯುವಷ್ಟಲ್ಲ, ಆದರೆ ಆ ದಾರಿಯಲ್ಲಿ ಹೊರಟಾಗಿತ್ತು; ಬೋಲ್ಟು ಬಿಗಿದದ್ದೂ ಅದಕ್ಕೇ. ನಾಜ್ನೀನ್ ತನ್ನ ಬಲಗೆನ್ನೆಯನ್ನು ಅಂಗೈಯಿಂದ ಮುಚ್ಚಿಕೊಂಡಳು. ರೈಫಲ್ಲಿನ ಬೋಲ್ಟು ಇರುವುದು ಆ ಕೆನ್ನೆಯ ಪಕ್ಕದಲ್ಲೇ.

"ಇದು ನನ್ನ ಕೆಲ್ಸ" ಅಂದರು ಮೇಡಂ. "ಪೂಜೆ ಮಾಡಿದ್ದೂ ನಾನೇ, ಒರೆಸಿದ್ದೂ ನಾನೇ, ತೂಗಿದ್ದೂ ನಾನೇ. ಯಂತ್ರದ್ದೇನೂ ತಪ್ಪಿಲ್ಲ ಪಾಪ, ನಾನು ಹೇಳಿದ್ದನ್ನ ಅದು ನಂಬ್ತು."

ರಹಮತ್ ಭಾಯ್, "ಅರೆ ಬಿಡಿ ಮೇಡಂ, ಏನೂ ಆಗ್ಲಿಲ್ವಲ್ಲ" ಅಂದರು. ಕಣ್ಣು ಮಾತ್ರ ನಾಜ್ನೀನ್ ಕೆನ್ನೆಯ ಮೇಲೇ ಇತ್ತು. ಮಗಳಲ್ಲವೇ.

"ಆಗ್ಲಿಲ್ಲ ಅನ್ನೋದು ಅದೃಷ್ಟ ಭಾಯ್. ಅದೃಷ್ಟ ತೂಗೋ ತಕ್ಕಡಿ ನಾನು ತಂದಿಲ್ಲ. ಎಲ್ಲಾ ಬಿಚ್ಚಿ. ಒಂದೂ ಬಿಡ್ಬೇಡಿ."

ಬಿಚ್ಚಿದೆವು. ನಾನು, ಭಾಯ್, ಇಬ್ಬರೂ ಕೂತು ಒಂದೊಂದೇ ಕಾಡತೂಸಿನ ಗುಂಡು ಕಿತ್ತು ಮದ್ದು ಬೇರೆ ಮಾಡಿದೆವು. ನಾಜ್ನೀನ್ ಕಲ್ಲನ್ನು ಸ್ಪಿರಿಟ್ಟಿನಲ್ಲಿ ತೊಳೆದು ಒಣಗಿಸಿ, ಬರಿಗೈ ತಾಗಿಸದೆ ಚಿಮಟದಲ್ಲಿ ಹಿಡಿದು ತಂದಳು. ಮೇಡಂ ಕುರ್ಚಿಯ ಬೆನ್ನು ಹಿಡಿದು ನಿಂತೇ ಇದ್ದರು.

"ಕೂತ್ಕೊಳ್ಳಿ ಮೇಡಂ, ಹೊತ್ತಾಗ್ತಿದೆ. ನಾಳೆ ಅವಳು ಹೊರಡ್ಬೇಕಲ್ಲ" ಅಂದೆ ನಾನು.

"ನಾನಲ್ಲ. ನಾಜ್ನೀನ್, ಬಾರೇ. ಕೂತ್ಕೋ."

"ಬೇಡ ಮೇಡಂ, ನೀವೇ... ಈ ಸಲ ಇದೊಂದು ನೀವೇ ಮಾಡಿಕೊಡಿ. ನಾವು ಪಕ್ಕದಲ್ಲಿ ನಿಂತು ನೋಡ್ತಿರ್ತೀವಿ."

"ನೀವು ನೋಡ್ತಾ ನಾನು ತೂಗೋದು ಅಂದ್ರೆ ತೂಗೋರು ನೀವು ಅಂತ ತಾನೇ? ಹಂಗಾದ್ರೆ ನೀನೇ ಕೂತ್ಕೋ. ಅಳೋದು ಆಮೇಲೆ ಅಳು, ಮದ್ದಿಗೆ ನೀರು ಬೀಳತ್ತೆ."

ಅವಳು ಕಣ್ಣೊರೆಸಿಕೊಂಡು ಕೂತಳು. ಕಲ್ಲಿಟ್ಟು ಪಾಠ ಹೇಳಿದಳು. ತೆಗೆದು ಸೊನ್ನೆ ನೋಡಿದಳು. ಮತ್ತೆ ಇಟ್ಟಳು, ಮತ್ತೆ ನೋಡಿದಳು. ಮೊದಲ ಬಟ್ಟಲು ಮದ್ದು ತೂಗಿ, ಅದನ್ನು ಕೊಳವೆಗೆ ಸುರಿದು, ಮೇಲೆ ಗುಂಡು ಕೂರಿಸಿ ಅವಳು ಮೇಜಿನ ಮೇಲೆ ಇಟ್ಟಳು. ಮೇಡಂ ಕೈ ಚಾಚಿ ಅದನ್ನು ಎತ್ತಿಕೊಂಡರು.

"ತೂಗಿ ನೋಡ್ತೀರಾ ಮೇಡಂ?"

ಅವರು ಅದನ್ನು ಮುಷ್ಟಿಯಲ್ಲಿ ಹಿಡಿದುಕೊಂಡರು. ಮೂಲೆಯಲ್ಲಿದ್ದ ತಮ್ಮ ರೈಫಲ್ ತೆಗೆದುಕೊಂಡು ಹೊರಗೆ ಬಂದರು. ಕೊಡೆ ಇಲ್ಲದೆ ನಡೆಯುವಾಗ ಕಾಲು ತಡವರಿಸುತ್ತಿತ್ತು, ನಾನು ತೋಳು ಹಿಡಿದುಕೊಂಡೆ. ಚಾಪೆಯ ಮೇಲೆ ಮಲಗಿ ಆ ಕಾಡತೂಸನ್ನು ರೈಫಲ್ಲಿಗೆ ಏರಿಸಿದರು. ಎದುರಿನ ಗುರಿಹಾಳೆ ಅವರಿಗೆ ಕಾಣುವುದಿಲ್ಲ ಅಂತ ನನಗೆ ಗೊತ್ತಿತ್ತು.

"ಇಟ್ಟಿಗೆಯೋರೇ, ನಳಿಗೆ ದಿಬ್ಬದ ಕಡೆ ನೆಟ್ಟಗಿದೆಯಾ ನೋಡಿ. ನಂಗೆ ಹಾಳೆ ಬೇಡ, ಮಣ್ಣಾದ್ರೆ ಸಾಕು."

"ನೆಟ್ಟಗಿದೆ ಮೇಡಂ."

ನಾಜ್ನೀನ್ ಓಡಿ ಬಂದಳು. "ಮೇಡಂ, ಬೇಡ. ನಾನು ತೂಗಿದ್ದು, ಮೊದಲು ನಾನು ಹೊಡೀತೀನಿ. ಏನಾದ್ರೂ ಹೆಚ್ಚುಕಮ್ಮಿ ಆಗಿದ್ರೆ?"

"ಆಗಿದೆಯಾ?"

ಅವಳು ಒಂದು ಸಲ ಶೆಡ್ಡಿನ ಕಡೆ ತಿರುಗಿ ನೋಡಿದಳು. "ಇಲ್ಲ" ಅಂದಳು.

ಮೇಡಂ ರೈಫಲ್ಲಿನ ಮೇಲೆ ಕೆನ್ನೆ ಒರಗಿಸಿದರು. ಇನ್ನೂ ಒಂದಿಷ್ಟು ಬೆಳಕು ಉಳಿದಿದ್ದ ಬಲಗಣ್ಣು ಬೋಲ್ಟಿನ ಪಕ್ಕದಲ್ಲೇ ಇತ್ತು. ರಹಮತ್ ಭಾಯ್ ತುಟಿಯಲ್ಲೇ ಏನೋ ಹೇಳಿಕೊಳ್ಳುತ್ತಿದ್ದರು. ಗುಂಡು ಹಾರಿತು. ಬಂಡೆಗುಡ್ಡಕ್ಕೆ ಬಡಿದ ಸದ್ದು ತಿರುಗಿ ಬಂತು. ಮೇಡಂ ಒಂದೇ ಬೆರಳಿನಲ್ಲಿ ಬೋಲ್ಟು ಎತ್ತಿದರು. ಅದು ಸಲೀಸಾಗಿ ಮೇಲೆ ಬಂತು.

ನಾನೂ ನಾಜ್ನೀನೂ ಒಂದೊಂದು ಕೈ ಹಿಡಿದು ಎಬ್ಬಿಸಿದೆವು. ಸೀರೆಯ ಮಣ್ಣು ಕೊಡವಿಕೊಂಡರು. ಸಂಜೆಯ ಮಬ್ಬಿನಲ್ಲಿ ನಾಜ್ನೀನ್ ಮುಖ ಎಲ್ಲಿದೆ ಅಂತ ಕೈಯಲ್ಲಿ ಹುಡುಕಿ, ಕೆನ್ನೆ ಮುಟ್ಟಿ ಹೇಳಿದರು:

"ಇನ್ನು ನನ್ನ ಕಣ್ಣು ಹೋದ್ರೆ ಹೋಗ್ಲಿ ಬಿಡೇ."